ಉಪವಾಸಕ್ಕೆ ಹಸಿವು ಗೊತ್ತೇ?

"ಮೇಡಂ, ನಿಮಗೆ ಒಂದ್ಸಲಾನಾದ್ರೂ ಮಾತು ನಿಂತಿದೆಯಾ?"

ಇಷ್ಟು ಕೇಳಲು ಆ ಹುಡುಗನಿಗೆ ಮುಕ್ಕಾಲು ನಿಮಿಷ ಹಿಡಿಯಿತು. ಮೊದಲ ‘ಮ’ಕಾರದಲ್ಲೇ ತುಟಿಗಳು ಅಂಟಿಕೊಂಡವು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು, ಬಲಗಾಲು ಎರಡು ಸಲ ನೆಲ ಬಡಿಯಿತು, ಆಮೇಲೆ ಮಾತು ಹೊರಗೆ ಬಂತು. ಭದ್ರಾವತಿಯವನು, ಇಪ್ಪತ್ತೆರಡು ವರ್ಷ. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ನನ್ನ ಹತ್ತಿರ ಬರುತ್ತಿದ್ದ. ಆ ಹೊತ್ತಿಗೆ ನನ್ನ ಕೋಣೆಯೊಳಗೆ ಅಕ್ಷರಗಳನ್ನು ಮೆಲ್ಲಗೆ ಎಳೆದು ಎಳೆದು, ಒಂದೂ ತಡೆಯಿಲ್ಲದೆ ಪತ್ರಿಕೆಯ ಅರ್ಧ ಪುಟ ಓದುವಷ್ಟಾಗಿದ್ದ. ಅವನಿಗೆ ಗುಣವಾಗುತ್ತಿದೆ ಎಂದೇ ನಾನು ನಂಬಿದ್ದೆ.

"ಇಲ್ಲಪ್ಪ" ಅಂದೆ.

ಅವನು ಸಿಟ್ಟಿನಿಂದ ಕೇಳಿರಲಿಲ್ಲ, ಚುಚ್ಚಬೇಕೆಂದೂ ಕೇಳಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಕೇಳಿದ, ಅಷ್ಟೆ. ನಾನು ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸದ ಬುಡಕ್ಕೇ ಆ ಪ್ರಶ್ನೆ ಹೋಗಿ ನಿಂತಿತು. ಉಗ್ಗು ಇಲ್ಲದ ನಾನು ಉಗ್ಗನ್ನು ಬಲ್ಲೆನೇ? ಸ್ವತಃ ಉಗ್ಗುವ ಸ್ಪೀಚ್ ಥೆರಪಿಸ್ಟ್ ಒಬ್ಬರು ಅವನ ಎದುರು ಕೂತಿದ್ದರೆ ಬೇರೆ ಏನಾದರೂ ನಡೆಯುತ್ತಿತ್ತೇ?

ನೋವನ್ನು ನೋವುಂಡವರೇ ಬಲ್ಲರು ಎಂಬ ಅರ್ಥದ ಅಕ್ಕಮಹಾದೇವಿಯ ವಚನವೊಂದು ನಮ್ಮಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದೆ. ಅಲ್ಲಿ ಬರುವ ಹೆರಿಗೆಯ ಮಾತು ನೆನಪಾದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವವಳು ನಮ್ಮೂರಿನ ಸೂಲಗಿತ್ತಿ. ಆಕೆಗೆ ಮಕ್ಕಳಿರಲಿಲ್ಲ. ನಾನು, ನನ್ನ ಇಬ್ಬರು ಅಣ್ಣಂದಿರು, ಆ ಕೇರಿಯ ಮುಕ್ಕಾಲು ಪಾಲು ಮಕ್ಕಳು ಆಕೆಯ ಕೈಯಲ್ಲೇ ಭೂಮಿಗೆ ಬಂದವರು. ಬಸುರಿಯ ಸೊಂಟದ ಮೇಲೆ ಕೈಯಿಟ್ಟರೆ ಇನ್ನೆಷ್ಟು ಹೊತ್ತು ಎಂದು ಹೇಳಿಬಿಡುತ್ತಿದ್ದಳಂತೆ. ಆ ಕೈಗೆ ಗೊತ್ತಿದ್ದದ್ದು ಏನು? ಅದು ಅರಿವಲ್ಲವೇ? ಅಕ್ಕನ ಮಾತನ್ನು ತಳ್ಳಿಹಾಕುವ ಯೋಗ್ಯತೆ ನನಗಿಲ್ಲ, ಆ ಕೈಯನ್ನು ಮರೆಯಲೂ ಆಗುವುದಿಲ್ಲ. ನಾನು ಬಹಳ ಕಾಲ ಈ ಎರಡರ ನಡುವೆ ಇದ್ದೆ.

ನಾನು ಹುಟ್ಟಿದ್ದು ಮಾತೇ ಆಸ್ತಿಯಾಗಿದ್ದ ಮನೆಯಲ್ಲಿ. ತುಂಗೆಯ ದಡದ ನಮ್ಮ ಕಡೆ ಗಮಕ ಎಂದರೆ ಊಟದಷ್ಟೇ ಸಹಜ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುತ್ತಿದ್ದರು. ಅದನ್ನು ಓದಿಸಿದರೆ ಮಳೆ ಬರುತ್ತದೆ ಎಂಬುದು ನಂಬಿಕೆ. ನಮ್ಮ ಚಿಕ್ಕಪ್ಪ ವಾಚಕರು, ಅಪ್ಪ ವ್ಯಾಖ್ಯಾನಕಾರರು. ಚಿಕ್ಕಪ್ಪ ಷಟ್ಪದಿಯನ್ನು ರಾಗದಲ್ಲಿ ಹಾಡಿ ನಿಲ್ಲಿಸಿದರೆ ಅಪ್ಪ ಅಲ್ಲಿಂದ ಎತ್ತಿಕೊಂಡು ಅರ್ಧ ಗಂಟೆ ಅರ್ಥ ಹೇಳುತ್ತಿದ್ದರು. ಇಬ್ಬರೂ ಅಕ್ಕಪಕ್ಕ ಕೂತರೆ ರಾತ್ರಿ ಹನ್ನೆರಡಾದರೂ ಜನ ಏಳುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಉಗ್ಗು ಇತ್ತು. ತೀರ ಜೋರಾದದ್ದು. ‘ಕಾಫಿ ಬೇಕು’ ಎನ್ನಲು ಆಗದೆ ಲೋಟ ತೋರಿಸುತ್ತಿದ್ದರು. ಆದರೆ ಭಾಮಿನಿ ಷಟ್ಪದಿಯಲ್ಲಿ ಅವರ ನಾಲಿಗೆ ಒಮ್ಮೆಯೂ ಎಡವಿದ್ದನ್ನು ಯಾರೂ ಕಂಡಿಲ್ಲ. ಅದಕ್ಕೆ ಸರಸ್ವತಿಯ ಅನುಗ್ರಹ ಎಂದು ಊರವರು ಕೈಮುಗಿದರು. ಮುಂದೆ ಮೈಸೂರಿನಲ್ಲಿ ಓದುವಾಗ ನನಗೆ ಇದು ಎಲ್ಲ ಕಡೆಯೂ ಕಾಣುವ ಸಂಗತಿ ಎಂದು ತಿಳಿಯಿತು. ಹಾಡುವಾಗ ಉಗ್ಗು ಬಹುಮಟ್ಟಿಗೆ ಇರುವುದಿಲ್ಲ, ಹತ್ತು ಜನರ ಜೊತೆ ಒಂದೇ ದನಿಯಲ್ಲಿ ಭಜನೆ ಹೇಳುವಾಗ ಇರುವುದಿಲ್ಲ, ಹಸುವಿನ ಜೊತೆ, ಹಸುಗೂಸಿನ ಜೊತೆ ಮಾತಾಡುವಾಗಲೂ ಎಷ್ಟೋ ಜನರಿಗೆ ಇರುವುದಿಲ್ಲ. ತಿಳಿದ ಮೇಲೂ ನಾನು ಅನುಗ್ರಹ ಎಂಬ ಮಾತನ್ನು ಬಿಟ್ಟಿಲ್ಲ. ಕಾರಣ ತಿಳಿದರೆ ಅನುಗ್ರಹ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದಳು. ಶೃಂಗೇರಿಯ ಶಾರದೆಗೆ ಹರಕೆ ಹೊತ್ತಳು. ಮಗ ಮೂರು ವರ್ಷದವನಿದ್ದಾಗ ಒಮ್ಮೆ ಬಾವಿಕಟ್ಟೆಯ ಹತ್ತಿರ ಗದರಿಸಿದ್ದೆ, ಅವತ್ತಿನಿಂದ ಮಾತು ಹಿಡಿಯಿತು ಎಂದು ಸಾಯುವವರೆಗೂ ಹೇಳಿಕೊಂಡು ಅತ್ತಳು. ಆ ಅಳುವಿಗೆ ಬಹಳ ದೂರದ ಒಂದು ಊರಿನಲ್ಲಿ ಒಬ್ಬ ವಿದ್ವಾಂಸ ಶಾಸ್ತ್ರದ ಬಲ ಕೊಟ್ಟಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ನಾನು ಓದಿದ್ದು. 1960ರ ದಶಕದ ನಡುವಿನಲ್ಲಿ ಶುರುವಾದ ಸಂಸ್ಥೆ. ಈ ವಿದ್ಯೆಯಲ್ಲಿ ದೇಶದ ಎಷ್ಟೋ ಜನರಿಗೆ ಅದೇ ತವರುಮನೆ. ಅಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳಿದ್ದಳು. ಬಹಳ ಕಡಿಮೆ ಮಾತು. ನಾವು ಗಂಭೀರ ಸ್ವಭಾವ ಅಂದುಕೊಂಡಿದ್ದೆವು. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರಕ್ಕೂ ‘ಗೊತ್ತಿಲ್ಲ’ ಎಂದು ಬಂದುಬಿಡುತ್ತಿದ್ದಳು. ಹಾಸ್ಟೆಲಿನಲ್ಲಿ ಅವಳ ಹೆಸರನ್ನು ಯಾರಾದರೂ ಹೊಸಬರು ಕೇಳಿದರೆ ನಾನೇ ಹೇಳುತ್ತಿದ್ದೆ, ಅದೇಕೆ ಹಾಗೆ ರೂಢಿಯಾಯಿತೋ ಯೋಚಿಸಿಯೇ ಇರಲಿಲ್ಲ. ಅವಳಿಗೆ ಉಗ್ಗು ಇದೆ ಎಂದು ನನಗೆ ತಿಳಿದದ್ದು ಮೂರನೆಯ ವರ್ಷ. ಉಗ್ಗಿನ ವಿಷಯವನ್ನೇ ಪಾಠವಾಗಿ ಓದುತ್ತಿದ್ದ ನಮಗೆ ಪಕ್ಕದ ಮಂಚದವಳ ಉಗ್ಗು ಕಾಣಲಿಲ್ಲ. ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಳು. ಆ ಮೂರು ವರ್ಷಗಳನ್ನು ಅವಳು ಈಗ ‘ನನ್ನ ಅಜ್ಞಾತವಾಸ’ ಎನ್ನುತ್ತಾಳೆ.

ಕೆಲಸ ಹುಡುಕಿಕೊಂಡು ಹೋದಾಗ ಒಂದು ಕಡೆ ಅವಳನ್ನು ಕೇಳಿದರಂತೆ: ನಿಮ್ಮ ಮಾತೇ ಹೀಗಿದ್ದರೆ ಬೇರೆಯವರದನ್ನು ಏನು ಸರಿಮಾಡುತ್ತೀರಿ? ಅವಳು ಉತ್ತರ ಹೇಳಲು ತೊಡಗಿ, ಸಿಕ್ಕಿಕೊಂಡು, ಅವರು ಸಾಕು ಎಂದು ಕೈಯೆತ್ತಿದ ಮೇಲೂ ನಿಲ್ಲಿಸದೆ ಪೂರ್ತಿ ಹೇಳಿಯೇ ಹೊರಗೆ ಬಂದಳಂತೆ. ಕೆಲಸ ಸಿಗಲಿಲ್ಲ. ಅಜ್ಞಾತವಾಸ ಅಂದಿಗೆ ಮುಗಿಯಿತು.

ಭದ್ರಾವತಿಯ ಹುಡುಗ ಆ ಪ್ರಶ್ನೆ ಕೇಳಿದ ಮೇಲೆ ನಾನು ಅವಳನ್ನು ಕರೆಸಿಕೊಂಡೆ. ಒಂದು ಶನಿವಾರ ಮೈಸೂರಿನಿಂದ ಬಂದಳು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ.

ಹುಡುಗ ಮೊದಲ ಮಾತಿನಲ್ಲೇ ಸಿಕ್ಕಿಕೊಂಡ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಕಣ್ಣು ಕೆಳಗಿಳಿಸಲಿಲ್ಲ, ನಕ್ಕು ಧೈರ್ಯ ತುಂಬಲಿಲ್ಲ, ತಲೆಯಾಡಿಸಲಿಲ್ಲ. ಆಗ ನನಗೆ ನನ್ನ ತಲೆಯ ನೆನಪಾಯಿತು. ಎದುರಿನವರು ಸಿಕ್ಕಿಕೊಂಡಾಗ ನಾನು ಮೆಲ್ಲಗೆ ತಲೆಯಾಡಿಸುತ್ತೇನೆ. ಪ್ರೀತಿಯಿಂದಲೇ ಮಾಡುವುದು. ಆದರೆ ಆ ತಲೆಯಾಟಕ್ಕೆ ‘ಬರಲಿ, ಬರಲಿ, ಬೇಗ ಬರಲಿ’ ಎಂದಷ್ಟೇ ಅರ್ಥ. ಮೂವತ್ತು ವರ್ಷ ನಾನು ಎಷ್ಟು ಜನರನ್ನು ಹೀಗೆ ಹಿಂದಿನಿಂದ ನೂಕಿದ್ದೇನೋ.

ಅವಳು ಹೇಳಿದಳು: "ಈಗ ಸಿಕ್ಕೊಂಡ್ತಲ್ಲ, ಅಲ್ಲೇ ಇರು. ಓಡಬೇಡ. ಬಿಗಿ ಎಲ್ಲಿದೆ ನೋಡು. ತುಟೀಲಾ, ಗ... ಗ..." ಎನ್ನುತ್ತ ‘ಗಂಟಲು’ ಎಂಬ ಮಾತಿನಲ್ಲಿ ತಾನೇ ನಿಂತುಹೋದಳು. ನಿಂತು, ಗಾಬರಿಯಿಲ್ಲದೆ, ಕಟ್ಟಿದ ಹಗ್ಗದ ಗಂಟನ್ನು ಉಗುರಿನಿಂದ ಸಡಿಲಿಸುವ ಹಾಗೆ ಆ ಶಬ್ದವನ್ನು ನಿಧಾನವಾಗಿ ಬಿಡಿಸಿಕೊಂಡು ಮುಂದೆ ಹೋದಳು. ಹುಡುಗ ಬಾಯಿ ತೆರೆದು ನೋಡುತ್ತಿದ್ದ. ಇನ್ನೊಬ್ಬರ ಮಾತು ನಿಲ್ಲುವುದನ್ನು ಅವನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು.

ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಈ ವಾರ ಎಷ್ಟು ಸಲ ಉಗ್ಗಿದೆ ಎಂದು ಕೇಳಲಿಲ್ಲ. "ಈ ವಾರ ಎಷ್ಟು ಮಾತು ಬದಲಾಯಿಸಿದೆ?" ಎಂದಳು. ಹುಡುಗ ಬಹಳ ಹೊತ್ತು ಸುಮ್ಮನಿದ್ದು ಬಸ್ಸಿನ ಸಂಗತಿ ಹೇಳಿದ. ವಾಪಸು ಹೋಗುವಾಗ ಕಂಡಕ್ಟರಿಗೆ ‘ಭದ್ರಾವತಿ’ ಎನ್ನಲಾಗದೆ, ‘ತರೀಕೆರೆ’ ಎಂದು ಹೆಚ್ಚು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಭದ್ರಾವತಿಯಲ್ಲಿ ಇಳಿದುಬಿಡುತ್ತಿದ್ದ. ವಾರಕ್ಕೆರಡು ಸಲ. ನನ್ನ ಕೋಣೆಯಲ್ಲಿ ಅರ್ಧ ಪುಟ ಸಲೀಸಾಗಿ ಓದಿ ಮುಗಿಸಿದ ದಿನವೂ.

ಎರಡೂ ಬಗೆಯ ಥೆರಪಿಸ್ಟರು ಬೇರೆ ಬೇರೆಯಾಗಿ ನೋಡುತ್ತಾರೆಯೇ ಎಂದು ಈಗ ಯಾರಾದರೂ ಕೇಳಿದರೆ ನಾನು ಹೌದೆನ್ನುತ್ತೇನೆ. ನನಗೆ ಕೇಳುವುದು ಉಗ್ಗು. ಅವಳಿಗೆ ಕಾಣುವುದು ಬಚ್ಚಿಡುವುದು. ಸರಾಗವಾಗಿ ಮಾತಾಡುವವಳಿಗೆ ಸರಾಗ ಮಾತು ಕಿವಿಗೆ ಬಿದ್ದರೆ ಗುಣವಾಯಿತೆಂದೇ ತೋರುತ್ತದೆ. ಅವಳಿಗೆ ಹಾಗೆ ತೋರುವುದಿಲ್ಲ, ಏಕೆಂದರೆ ಒಂದು ಸರಾಗ ವಾಕ್ಯದ ಕೆಳಗೆ ಎಷ್ಟು ಮಾತು ಹೂತುಹೋಗಿರಬಹುದು ಎಂದು ಅವಳಿಗೆ ಗೊತ್ತು. ಅಮೆರಿಕದ ಜೋಸೆಫ್ ಶೀಹನ್ ಎಂಬ ಮನೋವಿಜ್ಞಾನಿ, ತಾನೂ ಉಗ್ಗುತ್ತಿದ್ದವನು, ಇದನ್ನೇ ನೀರ್ಗಲ್ಲ ಬೆಟ್ಟಕ್ಕೆ ಹೋಲಿಸಿದ: ನೀರಿನ ಮೇಲೆ ಕಾಣುವ ಚೂರು ಉಗ್ಗು, ಕೆಳಗೆ ಮುಳುಗಿರುವ ಬಹುಪಾಲು ಭಯ, ನಾಚಿಕೆ, ಅಪರಾಧಭಾವ.

ಇದಕ್ಕೆ ಎದುರಾಗಿ ನನಗೆ ನೆನಪಾಗುವವರು ಲಯೊನೆಲ್ ಲೋಗ್. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್‌ಗೆ ಮಾತು ಕಲಿಸಿದ ಆಸ್ಟ್ರೇಲಿಯಾದವರು. ಅವರಿಗೆ ಉಗ್ಗು ಇರಲಿಲ್ಲ, ವೈದ್ಯಕೀಯ ಪದವಿಯೂ ಇರಲಿಲ್ಲ. 1926ರಿಂದ ಶುರುವಾದ ಆ ನಂಟು ಎರಡು ದಶಕ ದಾಟಿ ನಡೆಯಿತು. ದೊರೆಯ ಭಾಷಣದ ಹಸ್ತಪ್ರತಿ ಬಂದರೆ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕುತ್ತಿದ್ದರು, ತೊಡಕಿನ ಪದಗಳನ್ನು ತೆಗೆದು ಬೇರೆ ಪದ ಇಡುತ್ತಿದ್ದರು. ಶೀಹನ್ ಆಗಿದ್ದರೆ ಅದನ್ನು ಮಾಡಲು ಬಿಡುತ್ತಿರಲಿಲ್ಲ, ನನ್ನ ಗೆಳತಿಯೂ ಬಿಡುವುದಿಲ್ಲ. ಅದು ತರೀಕೆರೆಯ ಟಿಕೆಟ್ಟೇ ಅಲ್ಲವೇ? ಆದರೆ 1939ರ ಸೆಪ್ಟೆಂಬರ್ 3ರ ಸಂಜೆ, ಯುದ್ಧ ಘೋಷಣೆಯಾದ ದಿನ, ದೊರೆ ಮೈಕಿನ ಮುಂದೆ ನಿಂತಾಗ ಆ ಕೋಣೆಯಲ್ಲಿ ಜೊತೆಗೆ ನಿಂತಿದ್ದವರು ಲೋಗ್. ಪದ ಬದಲಾಯಿಸಿದ್ದು ತಪ್ಪಿರಬಹುದು. ನಿಂತದ್ದು ತಪ್ಪಲ್ಲ. ಮಕ್ಕಳಿಲ್ಲದ ನಮ್ಮ ಸೂಲಗಿತ್ತಿಯ ಕೈ ನನಗೆ ಇಲ್ಲಿ ಮತ್ತೆ ಕಾಣುತ್ತದೆ.

ಇನ್ನು ಅಜ್ಜಿಯ ಅಳುವಿನ ಮಾತು. ಸ್ವಂತ ನೋವು ದಾರಿ ತೋರಿಸುತ್ತದೆ ಎಂದು ನಂಬುವವರು ಒಮ್ಮೆ ಅಯೋವಾ ವಿಶ್ವವಿದ್ಯಾಲಯದ ಕಥೆ ಓದಬೇಕು. 1920ರ, 30ರ ದಶಕಗಳಲ್ಲಿ ಉಗ್ಗಿನ ಅಧ್ಯಯನಕ್ಕೆ ಅದೇ ಕಾಶಿ. ಅಲ್ಲಿಗೆ ಇಬ್ಬರು ತರುಣರು ಬಂದರು, ವೆಂಡೆಲ್ ಜಾನ್ಸನ್ ಮತ್ತು ಚಾರ್ಲ್ಸ್ ವ್ಯಾನ್ ರೈಪರ್. ಇಬ್ಬರಿಗೂ ತೀವ್ರವಾದ ಉಗ್ಗು. ಎಡಗೈ ಬಲಗೈಗಳ ಗೊಂದಲದಿಂದ ಮಿದುಳಿನಲ್ಲಿ ತೊಡಕಾಗಿ ಉಗ್ಗು ಬರುತ್ತದೆ ಎಂದು ಅಲ್ಲಿ ಆಗ ನಂಬಿದ್ದರು. ಬಲಗೈಯನ್ನು ಬಳಸಲಾಗದಂತೆ ಕಟ್ಟಿಹಾಕಿ ಪ್ರಯೋಗ ಮಾಡುತ್ತಿದ್ದರು. ಅದರಿಂದ ಏನೂ ಆಗಲಿಲ್ಲ.

ಜಾನ್ಸನ್‌ಗೆ ತನ್ನ ಬಾಲ್ಯ ನೆನಪಿತ್ತು. ಐದಾರು ವರ್ಷದವನಿದ್ದಾಗ ಶಿಕ್ಷಕಿಯೊಬ್ಬರು ಅವನ ಹೆತ್ತವರಿಗೆ ನಿಮ್ಮ ಮಗ ಉಗ್ಗಲು ಶುರುಮಾಡಿದ್ದಾನೆ ಎಂದರಂತೆ. ಅಲ್ಲಿಂದ ಅವನ ಕಷ್ಟ ಮೊದಲಾಯಿತು. ಈ ಒಂದು ನೆನಪಿನಿಂದ ಅವನು ಒಂದು ಸಿದ್ಧಾಂತವನ್ನೇ ಕಟ್ಟಿದ: ಎಲ್ಲ ಮಕ್ಕಳೂ ತೊದಲುತ್ತವೆ, ಹೆತ್ತವರು ಅದನ್ನು ಉಗ್ಗು ಎಂದು ಕರೆದು ಆತಂಕಪಟ್ಟಾಗ ಅದು ನಿಜವಾಗಿ ಉಗ್ಗಾಗುತ್ತದೆ. 1939ರಲ್ಲಿ ಅವನ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡ್ಯಾವನ್‌ಪೋರ್ಟ್ ಎಂಬಲ್ಲಿನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಅವರಲ್ಲಿ ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ನಿಮಗೆ ಉಗ್ಗು ಬರುತ್ತಿದೆ, ಎಚ್ಚರ ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾಗಲಿಲ್ಲ. ಮಾತಾಡುವುದಕ್ಕೇ ಹೆದರುವವರಾದರು. ಇದು ಹೊರಜಗತ್ತಿಗೆ ತಿಳಿದು ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಆ ವೇಳೆಗೆ ಆ ಮಕ್ಕಳು ಮುದುಕರಾಗಿದ್ದರು, ಕೆಲವರು ತೀರಿಹೋಗಿದ್ದರು.

ಜಾನ್ಸನ್ ಕೆಟ್ಟವನಾಗಿದ್ದ ಎಂದು ನಾನು ಹೇಳುವುದಿಲ್ಲ. ಉಗ್ಗುವವರ ಬಗ್ಗೆ ಅವನಿಗೆ ಎಷ್ಟು ಅಕ್ಕರೆಯಿತ್ತೆಂಬುದಕ್ಕೆ ಅವನ ಬದುಕೇ ಸಾಕ್ಷಿ. ತಾನು ಉಂಡ ನೋವು ಎಲ್ಲರ ನೋವೂ ಹೌದು, ತಾನು ನಡೆದ ದಾರಿ ಎಲ್ಲರ ದಾರಿಯೂ ಹೌದು ಎಂದು ನಂಬಿದ್ದು ಅವನ ತಪ್ಪು. ಅನುಭವ ಅವನಿಗೆ ಕಣ್ಣು ಕೊಟ್ಟಿತು, ಅದೇ ಅನುಭವ ಆ ಕಣ್ಣಿಗೆ ಪಟ್ಟಿಯನ್ನೂ ಕಟ್ಟಿತು. ದಶಕಗಳ ಕಾಲ ತಾಯಂದಿರು ತಮ್ಮದೇ ತಪ್ಪೆಂದು ಕೊರಗಿದರು. 2010ರಲ್ಲಿ ಡೆನಿಸ್ ಡ್ರೇನಾ ಅವರ ತಂಡ, ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಮುಂದುವರಿದು, ಉಗ್ಗಿಗೆ ಸಂಬಂಧಪಟ್ಟ ಮೂರು ವಂಶವಾಹಿಗಳನ್ನು ಗುರುತಿಸಿತು. ಆ ಸುದ್ದಿ ಓದಿದ ದಿನ ನಾನು ಕೆಲಸ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಾವಿಕಟ್ಟೆಯ ಹತ್ತಿರ ಗದರಿಸಿದ್ದರಿಂದ ಅಲ್ಲ ಅಜ್ಜಿ, ಎಂದು ಹೇಳಲು ಅವಳು ಇರಲಿಲ್ಲ.

ವ್ಯಾನ್ ರೈಪರ್ ಹಿಡಿದ ದಾರಿ ಬೇರೆ. ಕಲಮಜೂ ಎಂಬ ಊರಿನಲ್ಲಿ ದಶಕಗಳ ಕಾಲ ಉಗ್ಗುವವರ ನಡುವೆಯೇ ಇದ್ದ. ಉಗ್ಗಬೇಡ ಎನ್ನುವ ಬದಲು ಸುಲಭವಾಗಿ ಉಗ್ಗು ಎಂದ. ಹೆಣಗಾಡದೆ, ಮುಖ ಹಿಂಡಿಕೊಳ್ಳದೆ, ಸಿಕ್ಕಿಕೊಂಡ ಮಾತಿಗೆ ಹಿಂತಿರುಗಿ ಬಂದು ಅದನ್ನೇ ಮೆಲ್ಲಗೆ ಮತ್ತೆ ಹೇಳುವುದನ್ನು ಕಲಿಸಿದ. ಹೇಳಿಕೊಡುವವರಿಗೂ ಒಂದು ನಿಯಮ ಇಟ್ಟ: ಉಗ್ಗುವವನಿಗೆ ನೀನು ಏನು ಮಾಡು ಎನ್ನುತ್ತೀಯೋ ಅದನ್ನು ಮೊದಲು ನೀನು ಪೇಟೆಗೆ ಹೋಗಿ ಮಾಡು. ಸರಾಗವಾಗಿ ಮಾತಾಡುವವರೂ ಬೇಕೆಂದೇ ಉಗ್ಗಿ ಬರಬೇಕು.

ನಾನೂ ಮಾಡಿದ್ದೇನೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ನನ್ನ ಗುರುತಿಲ್ಲದ ಒಂದು ಗ್ರಂಧಿಗೆ ಅಂಗಡಿಯಲ್ಲಿ. ‘ಕರ್ಪೂರ’ ಕೇಳಬೇಕಿತ್ತು. ‘ಕ’ಕಾರವನ್ನು ಹತ್ತು ಸಲ ಹೇಳಿದೆ. ಅಂಗಡಿಯವರು ಮೊದಲು ನನ್ನ ಬಾಯಿ ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು, ಆಮೇಲೆ ನನ್ನ ಜೊತೆಗೆ ಬಂದಿದ್ದ ಪರಿಚಯದವಳೊಬ್ಬಳನ್ನು ಕೇಳಿದರು: "ಇವರಿಗೆ ಏನ್ ಬೇಕಂತೆ?" ಕಿವಿ ಬಿಸಿಯಾಯಿತು. ಸೀರೆಯ ಸೆರಗು ಎಳೆದುಕೊಂಡೆ, ಯಾಕೆಂದು ತಿಳಿಯದು. ಐವತ್ತು ವರ್ಷ ನನ್ನ ಬೆನ್ನಿಗಿದ್ದ ಓದು, ಮನೆತನ, ವಯಸ್ಸು ಯಾವುದೂ ಆ ಹತ್ತು ಕ್ಷಣದಲ್ಲಿ ನನ್ನ ಜೊತೆ ಇರಲಿಲ್ಲ. ಹೊರಗೆ ಬಂದು ಗೆಳತಿಗೆ ಫೋನ್ ಮಾಡಿ, ಈಗ ಗೊತ್ತಾಯಿತು ಕಣೆ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಏಕಾದಶಿ ಮಾಡ್ತೀಯಲ್ಲ?" ಎಂದಳು.

ಅಷ್ಟೇ ಹೇಳಿದಳು. ಅದರಲ್ಲಿ ಎಲ್ಲವೂ ಇತ್ತು. ಏಕಾದಶಿಯ ದಿನ ನನ್ನ ಹೊಟ್ಟೆಯೂ ಖಾಲಿ, ಬಡವನ ಹೊಟ್ಟೆಯೂ ಖಾಲಿ. ಕರುಳು ಸುಡುವುದು ಒಂದೇ ಥರ. ಆದರೆ ನನಗೆ ದ್ವಾದಶಿಯ ಪಾರಣೆ ಎಷ್ಟು ಹೊತ್ತಿಗೆ ಎಂದು ಪಂಚಾಂಗದಲ್ಲಿ ಬರೆದಿದೆ. ಹಸಿವು ಎಂದರೆ ಹೊಟ್ಟೆ ಖಾಲಿಯಿರುವುದಲ್ಲ, ಅದು ಯಾವಾಗ ತುಂಬುತ್ತದೆ ಎಂದು ಗೊತ್ತಿಲ್ಲದಿರುವುದು. ಗಾಂಧಿ ಬಜಾರಿನಲ್ಲಿ ನನ್ನ ‘ಕ’ಕಾರ ಯಾವಾಗ ಬೇಕಾದರೂ ‘ಕರ್ಪೂರ’ವಾಗಬಹುದಿತ್ತು. ಉಗ್ಗುವವರು ಹೇಳುವ ಮುಖ್ಯವಾದ ಮಾತು ಇದೇ: ಆ ಕ್ಷಣದಲ್ಲಿ ತಮ್ಮ ಬಾಯಿ ತಮ್ಮದಾಗಿರುವುದಿಲ್ಲ. ಆ ಕೈತಪ್ಪುವಿಕೆಯನ್ನು ನಾನು ನಟಿಸಬಲ್ಲೆ, ಪಡೆಯಲಾರೆ. ಹಾಗೆಂದು ಉಪವಾಸ ವ್ಯರ್ಥವಲ್ಲ. ಅದು ಹಸಿವಲ್ಲ ಎಂಬ ಎಚ್ಚರವಿದ್ದರೆ ಉಪವಾಸ ಮನುಷ್ಯನನ್ನು ಅನ್ನ ಬಡಿಸುವಾಗ ಸ್ವಲ್ಪ ಬೇರೆಯವನನ್ನಾಗಿ ಮಾಡುತ್ತದೆ. ನಾನು ಈಗ ತಲೆಯಾಡಿಸುವುದಿಲ್ಲ.

ಈ ವಿಷಯ ತಲೆಯಲ್ಲಿ ಹೊಕ್ಕ ಮೇಲೆ ನಮ್ಮ ಹಳೆಯ ಗ್ರಂಥಗಳಲ್ಲೂ ಉಗ್ಗನ್ನೇ ಹುಡುಕತೊಡಗಿದೆ. ಸುಶ್ರುತಸಂಹಿತೆಯಲ್ಲಿ ‘ಗದ್ಗದ’ ಒಂದು ರೋಗ. ಕಫ ಕೂಡಿದ ವಾಯು ಶಬ್ದ ಒಯ್ಯುವ ನಾಳಗಳನ್ನು ಮುಚ್ಚಿದಾಗ ಬರುವ ಮೂರು ವಾಗ್ದೋಷಗಳಲ್ಲಿ ಒಂದು. ಇನ್ನು ಗೀತೆಯ ಹನ್ನೊಂದನೆಯ ಅಧ್ಯಾಯಕ್ಕೆ ಬಂದರೆ ವಿಶ್ವರೂಪ ಕಂಡು ನಡುಗುತ್ತಿರುವ ಅರ್ಜುನ ಕೃಷ್ಣನಿಗೆ ನಮಸ್ಕರಿಸಿ ಮಾತಾಡಿದ್ದನ್ನು ಹೇಳುವಾಗ ಸಂಜಯ ಬಳಸುವುದೂ ಇದೇ ಪದ. ವೈದ್ಯನ ಕಡೆ ದೋಷವಾದದ್ದು ಭಕ್ತನ ಕಡೆ ಸತ್ಯದ ಗುರುತು. ಭಕ್ತನ ಗಂಟಲು ಕಟ್ಟಿದರೆ ನಾವು ಕೈಮುಗಿಯುತ್ತೇವೆ, ಬಸ್ಸಿನಲ್ಲಿ ಹುಡುಗನ ಗಂಟಲು ಕಟ್ಟಿದರೆ ಮುಖ ತಿರುಗಿಸುತ್ತೇವೆ. ಎರಡೂ ಕಡೆ ಪದ ಒಂದೇ ಆಗಿರುವುದು ನನ್ನನ್ನು ಬಹಳ ದಿನ ಕಾಡಿತು.

ಬೈಬಲ್ಲಿನ ಮೋಶೆ ನನ್ನ ಬಾಯಿ ಭಾರ, ನಾಲಿಗೆ ಭಾರ ಎಂದು ದೇವರ ಮುಂದೆ ಹೇಳಿಕೊಳ್ಳುತ್ತಾನೆ. ಕುರಾನಿನ ‘ತಾಹಾ’ ಅಧ್ಯಾಯದಲ್ಲಿ ಅದೇ ಪ್ರವಾದಿ ತನ್ನ ನಾಲಿಗೆಯ ಗಂಟು ಬಿಚ್ಚು ಎಂದು ಬೇಡುತ್ತಾನೆ. ವಿಮೋಚನಕಾಂಡದಲ್ಲಿ ದೇವರು ಅವನ ನಾಲಿಗೆಯನ್ನು ಸರಿಮಾಡುವುದಿಲ್ಲ, ಚೆನ್ನಾಗಿ ಮಾತಾಡುವ ಅಣ್ಣ ಆರೋನನನ್ನು ಜೊತೆಗೆ ಕೊಡುತ್ತಾನೆ. ಮೋಶೆ ಬೆಟ್ಟದ ಮೇಲಿದ್ದಾಗ ಜನರಿಗೆ ಚಿನ್ನದ ಕರು ಮಾಡಿಕೊಟ್ಟವನೂ ಆ ಆರೋನನೇ. ಕೊನೆಗೆ ಮೋಶೆಯ ಕಡೆಯ ಉಪದೇಶಗಳೇ ತುಂಬಿರುವ ಧರ್ಮೋಪದೇಶಕಾಂಡಕ್ಕೆ ಹೀಬ್ರೂವಿನಲ್ಲಿ ಇರುವ ಹೆಸರು ‘ದೆವಾರಿಮ್’, ಎಂದರೆ ‘ಮಾತುಗಳು’. ಅಲ್ಲಿ ಮಾತಾಡುವವನು ಮೋಶೆಯೇ. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಜಗಲಿ ಕಂಡಿತು: ಹಾಡುವ ಚಿಕ್ಕಪ್ಪ, ಅರ್ಥ ಹೇಳುವ ಅಪ್ಪ. ಚಿಕ್ಕಪ್ಪ ಐವತ್ತು ವರ್ಷ ಹಾಡಿದರು. ನೀವು ಹಾಡಿದ್ದರ ಅರ್ಥ ನಿಮಗೆ ಏನನ್ನಿಸುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಗೆಳತಿ ಬಂದು ನಮ್ಮ ಹಳ್ಳಿಯ ಮನೆಯಲ್ಲಿ ಎರಡು ದಿನ ಇದ್ದಳು. ಚಿಕ್ಕಪ್ಪನಿಗೆ ಈಗ ಎಂಬತ್ತೆರಡು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ಅಂದಿನಿಂದ ಗಮಕವೂ ನಿಂತಿದೆ. ಸಂಜೆ ಜಗಲಿಯಲ್ಲಿ ಅವರಿಬ್ಬರೂ ಕೂತಿದ್ದರು. ನಾನು ಒಳಗೆ ಕಾಫಿಗೆ ಹಾಲಿಟ್ಟಿದ್ದೆ. ಅವಳು ವಿರಾಟಪರ್ವದ ಮಾತೆತ್ತಿ, ಉತ್ತರಕುಮಾರನ ಪೌರುಷದ ಭಾಗಕ್ಕೆ ಜನ ಬಹಳ ನಗುತ್ತಿದ್ದರಂತಲ್ಲ ಎಂದು ಕೇಳಿದಳು. ಕೇಳುವಾಗ ‘ಪೌರುಷ’ದಲ್ಲಿ ಸಿಕ್ಕಿಕೊಂಡಳು, ಬಿಡಿಸಿಕೊಂಡಳು. ಚಿಕ್ಕಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದರು.

ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಚಿಕ್ಕಪ್ಪ ಮಾತಾಡುತ್ತಿದ್ದರು. ಒಂದೊಂದು ಮಾತಿಗೂ ಅರ್ಧ ನಿಮಿಷ, ಒಂದು ನಿಮಿಷ. ದನಗಳು ಕೊಟ್ಟಿಗೆಗೆ ಬಂದವು, ಸುತ್ತ ಕತ್ತಲಾಗುತ್ತಿತ್ತು. ಅವರು ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಹೀಗೆ. ಎಲ್ಲರೂ ಉತ್ತರ ಹೆದರಿ ಓಡಿದ್ದಕ್ಕೆ ನಗುತ್ತಾರೆ, ಅಣ್ಣನೂ ಆ ಜಾಗದಲ್ಲಿ ಚೆನ್ನಾಗಿ ನಗಿಸುತ್ತಿದ್ದ. ನನಗೆ ಮಾತ್ರ ಅಲ್ಲಿ ನಗು ಬರುತ್ತಿರಲಿಲ್ಲ. ಅಂತಃಪುರದಲ್ಲಿ ಹುಡುಗ ಎಷ್ಟು ಸರಾಗವಾಗಿ ಮಾತಾಡಿದ್ದ, ರಣರಂಗದಲ್ಲಿ ಬಾಯಿ ಕಟ್ಟಿತು. ಓಡಿದವನನ್ನು ಹಿಡಿದು ತಂದವನು ಯಾರು? ಬೃಹನ್ನಳೆ. ಒಂದು ವರ್ಷ ತನ್ನ ಹೆಸರು ಹೇಳದೆ ಬದುಕಿದವನು. ಅವನು ಹುಡುಗನನ್ನು ಮನೆಗೆ ಹೋಗು ಎನ್ನಲಿಲ್ಲ, ಯುದ್ಧ ಮಾಡು ಎಂದೂ ಹಟ ಮಾಡಲಿಲ್ಲ. ರಥ ನಡೆಸು, ನಾನಿದ್ದೇನೆ ಎಂದ. ಆಮೇಲೆ ಬನ್ನಿಯ ಮರದ ಹತ್ತಿರ ಹೋಗಿ ತನ್ನ ಹೆಸರನ್ನು ಹೇಳಿದ, ಮೊದಲು ಆ ಹುಡುಗನಿಗೇ ಹೇಳಿದ.

‘ಹೆಸರು’ ಎಂಬ ಮಾತಿನಲ್ಲಿ ಚಿಕ್ಕಪ್ಪ ಬಹಳ ಹೊತ್ತು ನಿಂತರು. ಆ ಮಾತು ನನ್ನ ಬಾಯಿಗೆ ಬಂದುಬಿಟ್ಟಿತ್ತು. ಅರವತ್ತರ ಹತ್ತಿರದ ನನ್ನ ಬದುಕಿನಲ್ಲಿ ಅವರ ಎಷ್ಟು ಮಾತುಗಳನ್ನು ನಾನು ಹೀಗೆ ಪೂರ್ತಿಮಾಡಿಕೊಟ್ಟಿದ್ದೆ. ಗೆಳತಿ ಕದಲಲಿಲ್ಲ. ನಾನೂ ತುಟಿ ಬಿಗಿಹಿಡಿದು ನಿಂತೆ.

ಅವರು ಮುಗಿಸುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಒಳಗೆ ಹೋಗಿ ಮತ್ತೆ ಒಲೆಯ ಮೇಲಿಟ್ಟೆ. ಹೊರಗೆ ಚಿಕ್ಕಪ್ಪ ಇನ್ನೊಂದು ಪದ್ಯ ಎತ್ತಿಕೊಂಡಿದ್ದರು, ಹಾಡುತ್ತಿರಲಿಲ್ಲ.